ಏರುವಾಗ ವೇಗ ಜಾಸ್ತಿ, ಇಳಿಯುವಾಗ ಕಮ್ಮಿ ತೋರಿಸುವ ಸೆಸ್ನಾ 172
ನಿಮ್ಮ ಸಣ್ಣ ವಿಮಾನದ ವೇಗದ ಮೀಟರ್ ಹೀಗೇಕೆ ಆಡುತ್ತೆ ಅಂತ ಕೇಳಿದ್ದೀರಿ. ಬಹುತೇಕ ಪಿಟೋ ಟ್ಯೂಬ್ (ವೇಗ ಅಳೆಯಲು ಎದುರು ಗಾಳಿ ಹಿಡಿಯುವ ಕೊಳವೆ) ಕಟ್ಟಿದೆ, ಬಾಯಿಯ ಜೊತೆ ನೀರು ಬಸಿಯುವ ತೂತೂ. ಒಳಗೆ ಸಿಕ್ಕಿಬಿದ್ದ ಗಾಳಿಯ ಒತ್ತಡ ಹಾಗೇ ಇರುತ್ತೆ, ಮೇಲೇರಿದಂತೆ ಹೊರಗಿನದು ಕಮ್ಮಿಯಾಗುತ್ತೆ. ಮುಳ್ಳು ಎತ್ತರವನ್ನೇ ವೇಗ ಅಂತ ಓದ್ತಿದೆ. ಬಾಯಿ ಮಾತ್ರ ಕಟ್ಟಿದ್ದರೆ ಸೊನ್ನೆಗೆ ಬೀಳ್ತಿತ್ತು. ಆಲ್ಟಿಮೀಟರ್ (ಎತ್ತರದ ಮೀಟರ್) ಸರಿ ಇದೆ ಅಂದಿರಿ, ಹಾಗಾಗಿ ಹೊರಗಿನ ಒತ್ತಡ ತರುವ ಸ್ಟ್ಯಾಟಿಕ್ ಪೈಪಿನ ಕಡೆ ಅನುಮಾನ ಕಮ್ಮಿ. ಎರಡು ವಾರ ಕವರ್ ಹಾಕದೆ ನಿಲ್ಲಿಸಿದ್ದರಿಂದ ಕುಂಬಾರ ಹುಳ ಬಾಡಿಗೆ ಕೊಡದೆ ಸಂಸಾರ ಹೂಡಿರಬೇಕು. ನೀರೂ ಇರಬಹುದು, ಬಿಚ್ಚದೆ ಹೇಳಲಾಗದು.

ಬಾಯಿಂದ ಊದಬೇಡಿ, ಮೀಟರ್ ಹಾಳಾಗುತ್ತೆ. ತಂತಿ ತೂರಿಸಿದರೆ ಮಣ್ಣು ಇನ್ನೂ ಒಳಗೆ ಹೋಗುತ್ತೆ. ಮೆಕ್ಯಾನಿಕ್ ಮೊದಲು ಮೀಟರ್ ಹಿಂದಿನ ಪೈಪ್ ಕಳಚಿ, ಆ ತುದಿಯಿಂದ ಹೊರಕ್ಕೆ ಗಾಳಿ ಬಿಡಲಿ. ಆಮೇಲೆ ಸೋರಿಕೆ ಪರೀಕ್ಷೆ.

"ಭಾನುವಾರ ಗೆಳೆಯರ ಜೊತೆ ಅಂದಾಜಿನಲ್ಲೇ ಹಾರಿಸಲಾ?" ಅಮೆರಿಕದ ನಿಯಮ 91.205 ಬೇಡ ಅನ್ನುತ್ತೆ. ಮುಳ್ಳು ಏರಿತೆಂದು ನೀವು ಮೂತಿ ಎತ್ತುತ್ತೀರಿ, ಅದು ಮತ್ತೂ ಏರುತ್ತೆ, ಸ್ಟಾಲ್ ಆಗುವಾಗಲೂ (ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವಾಗಲೂ) ವೇಗ ಚೆನ್ನಾಗಿಯೇ ಕಾಣುತ್ತೆ. ಗೆಳೆಯರಿಗೆ ಹೋಗುವ ಟಿಕೆಟ್ ಮಾತ್ರ ಸಾಕು.

ರಿಪೇರಿ ಆದಮೇಲೂ ರನ್‌ವೇ ಓಟದ ಶುರುವಿನಲ್ಲೇ ಮುಳ್ಳು ಅಲುಗದಿದ್ದರೆ ಥ್ರಾಟಲ್ ಎಳೆದು ನಿಲ್ಲಿಸಿ.