ಟೋಕಿಯೊಗೆ ಹೋಗೋದು ಬೇಗವೋ, ಬರೋದು ಬೇಗವೋ?

ಪ್ರಶ್ನೆ: ಮಗಳು ಟೋಕಿಯೊದಲ್ಲಿ ಕೆಲಸದಲ್ಲಿದ್ದಾಳೆ. ಜನವರಿಯಲ್ಲಿ ನಾವಿಬ್ಬರೂ ಮೊದಲ ಸಲ ಹೊರಟಿದ್ದೇವೆ. ನೇರ ವಿಮಾನದ ವೇಳೆ ನೋಡಿದೆ. ಬೆಂಗಳೂರಿಂದ ಸಂಜೆ 7ಕ್ಕೆ ಹೊರಟರೆ ಬೆಳಿಗ್ಗೆ 7ಕ್ಕೆ ಇಳಿಯುತ್ತೇವೆ, ಅಂದರೆ 12 ಗಂಟೆ. ಬರುವಾಗ ಸಂಜೆ 6ಕ್ಕೆ ಹತ್ತಿ ರಾತ್ರಿ 12:30ಕ್ಕೆ ಇಲ್ಲಿ. ಬರೀ ಆರೂವರೆ ಗಂಟೆ! ಮಗಳು ಮಾತ್ರ ಬರೋದಕ್ಕೇ ಜಾಸ್ತಿ ಹೊತ್ತು ಬೇಕು ಅನ್ನುತ್ತಾಳೆ. ಯಾರದ್ದು ಸರಿ? ಸಿಂಗಪುರದ ಮೇಲೆ ಹೋದರೆ ಹೇಗೆ?
– ಓದುಗರು, ಮೈಸೂರು

ಉತ್ತರ: ಮಗಳು ಹೇಳಿದ್ದೇ ಸರಿ ಅಮ್ಮಾ. ಟಿಕೆಟ್‌ನಲ್ಲಿ ಹೊರಡುವ ಹೊತ್ತು ಒಂದು ಊರಿನ ಗಡಿಯಾರದ್ದು, ಇಳಿಯುವ ಹೊತ್ತು ಇನ್ನೊಂದು ಊರಿನದ್ದು. ಟೋಕಿಯೊ ನಮಗಿಂತ ಮೂರೂವರೆ ಗಂಟೆ ಮುಂದಿದೆ. ಅಲ್ಲಿ ಬೆಳಿಗ್ಗೆ 7 ಆದಾಗ ಇಲ್ಲಿನ್ನೂ ನಸುಕಿನ 3:30. ಹಾಗಾಗಿ ಹೋಗೋದಕ್ಕೆ ಹಿಡಿಯೋದು ಎಂಟೂವರೆ ಗಂಟೆ. ಬರುವಾಗ ನಿಮ್ಮ ಆರೂವರೆಗೆ ಮೂರೂವರೆ ಸೇರಿಸಿ, 10 ಗಂಟೆ ಆಯ್ತು.

ದೂರ ಎರಡೂ ಕಡೆಗೆ ಅಷ್ಟೇ, ಸುಮಾರು 6,700 ಕಿ.ಮೀ. ಮತ್ತೆ ಈ ಒಂದೂವರೆ ಗಂಟೆ ಯಾಕೆ ಜಾಸ್ತಿ? ಗಾಳಿ. ನೆಲದಿಂದ ಹತ್ತು ಕಿ.ಮೀ. ಆಸುಪಾಸಿನ ಎತ್ತರದಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಒಂದು ಗಾಳಿ ಹೊಳೆಯ ಹಾಗೆ ಹರಿಯುತ್ತಿರುತ್ತದೆ, ಅದಕ್ಕೆ ಜೆಟ್ ಸ್ಟ್ರೀಮ್ ಅನ್ನುತ್ತಾರೆ. ಚಳಿಗಾಲದಲ್ಲಿ ಜಪಾನಿನ ಮೇಲೆ ಇದರ ವೇಗ ಗಂಟೆಗೆ 300 ಕಿ.ಮೀ. ದಾಟುವುದೂ ಉಂಟು. ಹರಿಗೋಲು ನೀರಿನ ಜೊತೆ ಸಾಗಿದರೆ ಬೇಗ, ಎದುರು ಹುಟ್ಟು ಹಾಕಿದರೆ ತಡ, ಅಲ್ವಾ? ವಿಮಾನವೂ ಹಾಗೇ. ಅದರ ವೇಗ ಗಂಟೆಗೆ 900 ಕಿ.ಮೀ. ಅಂದುಕೊಳ್ಳಿ. ಬೆನ್ನಿಗೆ 150ರ ಗಾಳಿ ಸಿಕ್ಕಷ್ಟು ಹೊತ್ತು ನೆಲದ ಲೆಕ್ಕದಲ್ಲಿ 1,050 ಓಡುತ್ತದೆ, ಎದುರಾದರೆ 750. ಜಪಾನಿನ ಬೇಸಿಗೆಯಲ್ಲಿ ಈ ಗಾಳಿ ಸೊರಗುತ್ತದೆ, ಆಗ ಹೋಗಿ ಬರುವ ಹೊತ್ತಿನ ಅಂತರವೂ ಇಳಿಯುತ್ತದೆ. ನೀವು ಹೊರಟಿರೋದು ಜನವರಿಯಲ್ಲಿ, ಅಂದರೆ ಗಾಳಿ ಜೋರಾಗಿರುವಾಗಲೇ.

ಈ ಗಾಳಿಯನ್ನು ಮೊದಮೊದಲು ಅಳೆದವರೂ ಜಪಾನಿನವರೇ. ವಾಸಾಬುರೊ ಓಯಿಶಿ ಅಂತ ಒಬ್ಬ ಹವಾಮಾನ ವಿಜ್ಞಾನಿ, 1920ರ ದಶಕದಲ್ಲಿ ಟೋಕಿಯೊದಿಂದ ಅಷ್ಟೇನೂ ದೂರವಲ್ಲದ ತಾತೆನೊ ಎಂಬಲ್ಲಿ ಬಲೂನು ಹಾರಿಬಿಟ್ಟು, ಅದು ಎತ್ತ ಹೋಯಿತು, ಎಷ್ಟು ಬೇಗ ಹೋಯಿತು ಎಂದು ದಿನದಿನವೂ ಬರೆದಿಟ್ಟವರು. ಎಲ್ಲ ದೇಶದವರಿಗೂ ತಿಳಿಯಲಿ ಎಂಬ ಆಸೆಯಿಂದ 1926ರಲ್ಲಿ ಅದನ್ನು ಎಸ್ಪೆರಾಂಟೊ ಎಂಬ, ಎಲ್ಲ ದೇಶದವರೂ ಬಳಸಲಿ ಎಂದೇ ಕಟ್ಟಿದ ಭಾಷೆಯಲ್ಲಿ ಪ್ರಕಟಿಸಿದರು. ಆದರೆ ಆ ಭಾಷೆ ಓದಬಲ್ಲವರೇ ಕಮ್ಮಿ, ಹೊರಗೆ ಯಾರೂ ಗಮನಿಸಲಿಲ್ಲ. 1944ರಲ್ಲಿ, ಎರಡನೇ ಮಹಾಯುದ್ಧದ ಹೊತ್ತಿಗೆ, ಅಮೆರಿಕದ ಬಿ-29 ಬಾಂಬರ್ ವಿಮಾನಗಳು ಟೋಕಿಯೊ ಮೇಲೆ ಇದೇ ಗಾಳಿಗೆ ಸಿಕ್ಕಿ ತತ್ತರಿಸಿದ ಮೇಲೆಯೇ ಉಳಿದವರಿಗೆ ಅದರ ಬಲ ಗೊತ್ತಾಗಿದ್ದು. ಅಷ್ಟು ವರ್ಷದ ದುಡಿಮೆ ಹಾಗೆ ಮೂಲೆಗೆ ಬಿದ್ದಿದ್ದು ನೆನೆದರೆ ನನಗೆ ಈಗಲೂ ಬೇಜಾರಾಗುತ್ತದೆ.

ಸಿಂಗಪುರದ ಮಾತಿಗೆ ಬರೋಣ. ಅದು ಭೂಮಧ್ಯರೇಖೆಯ ಹತ್ತಿರದ ಊರು. ಅಲ್ಲಿಗೆ 3,200 ಕಿ.ಮೀ. ಇಳಿದು, ಮತ್ತೆ 5,300 ಕಿ.ಮೀ. ಮೇಲಕ್ಕೆ ಹೋಗಬೇಕು. ಸುಮ್ನೆ 1,800 ಕಿ.ಮೀ. ಸುತ್ತು. ಹಾರಾಟಕ್ಕೇ ಹನ್ನೊಂದು, ಹನ್ನೊಂದೂವರೆ ಗಂಟೆ, ಅದರ ಮೇಲೆ ಕಾಯೋದು ಬೇರೆ. ದುಡ್ಡು ತುಂಬಾ ಉಳಿಯುವುದಾದರೆ ನೋಡಿ, ಇಲ್ಲದಿದ್ದರೆ ನೇರ ವಿಮಾನವೇ ಹಿತ.

ಟಿಕೆಟ್ ತೆಗೆಯುವ ಮುಂಚೆ ಯಾವ ನಿಲ್ದಾಣ ಅಂತ ನೋಡಿಕೊಳ್ಳಿ. ಹನೇಡಾ ಊರೊಳಗೇ ಇದೆ. ನರಿತಾ ಆದರೆ ಊರ ನಡುವಿನಿಂದ ಸುಮಾರು 60 ಕಿ.ಮೀ. ದೂರ, ರೈಲಿನಲ್ಲಿ ಹೆಚ್ಚುಕಮ್ಮಿ ಒಂದು ಗಂಟೆ. ಕರೆದುಕೊಂಡು ಹೋಗಲು ಮಗಳು ಬರುವುದಾದರೆ ಅವಳಿಗೂ ಈಗಲೇ ಹೇಳಿಬಿಡಿ.