ದುಡ್ಡು, ಜನಬೆಂಬಲ ಮತ್ತು ಹೈಕೋರ್ಟ್ ತೀರ್ಪು

'ದುಡ್ಡೂ ಜನಬೆಂಬಲವೂ ಇದ್ದರೆ ಹೈಕೋರ್ಟ್ ತೀರ್ಪು ಬದಲಾಗುತ್ತಾ?' ಅಂತ ಕೇಳಿದ್ದೀರಿ. ತಮಿಳುನಾಡಿನ ಮುಖ್ಯಮಂತ್ರಿಯಾಗಿದ್ದ ಜಯಲಲಿತಾ ಅವರ ಅಕ್ರಮ ಆಸ್ತಿ ಪ್ರಕರಣ ನೋಡಿ. ತಮಿಳುನಾಡಿನಲ್ಲಿ ನ್ಯಾಯಯುತ ವಿಚಾರಣೆ ಕಷ್ಟ ಅಂತ ಸುಪ್ರೀಂ ಕೋರ್ಟ್ 2003ರಲ್ಲಿ ಅದನ್ನು ಬೆಂಗಳೂರಿಗೆ ವರ್ಗಾಯಿಸಿತು. 2014ರ ಸೆಪ್ಟೆಂಬರ್‌ನಲ್ಲಿ ವಿಶೇಷ ನ್ಯಾಯಾಲಯ 4 ವರ್ಷ ಜೈಲು, 100 ಕೋಟಿ ದಂಡ ವಿಧಿಸಿತು. ತಮಿಳುನಾಡಿನಲ್ಲಿ ಜನ ಬೀದಿಗಿಳಿದರು. ಆದರೂ ಅಕ್ಟೋಬರ್‌ನಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಜಾಮೀನು ಕೊಡಲಿಲ್ಲ. ಜನರ ಕೂಗಿಗೆ ಅದು ಬಗ್ಗಲಿಲ್ಲ ಅಲ್ವಾ?

2015ರ ಮೇನಲ್ಲಿ ಅದೇ ಹೈಕೋರ್ಟ್ ಅವರನ್ನು ಖುಲಾಸೆ ಮಾಡಿತು. ತೀರ್ಪಿನಲ್ಲಿ ಆದಾಯವೆಂದು ಲೆಕ್ಕ ಹಿಡಿದ ಸಾಲಗಳ ಮೊತ್ತ ಕೂಡಿಸುವಾಗ 10.67 ಕೋಟಿ ಆಗಬೇಕಾದದ್ದು 24.17 ಕೋಟಿ ಆಗಿತ್ತು. ಹಾಗಾಗಿ ಹೆಚ್ಚುವರಿ ಆಸ್ತಿ ಆದಾಯದ 8.12% ಮಾತ್ರ, ಶಿಕ್ಷೆ ಕೊಡುವಷ್ಟಲ್ಲ ಎಂದು ಬಂತು. ಇದಕ್ಕೆ ದುಡ್ಡೇ ಕಾರಣ ಅಂತ ಸುಮ್ನೆ ಹೇಳಿಬಿಡುವುದು ತಪ್ಪು, ಅದಕ್ಕೆ ಪುರಾವೆ ಬೇಕು. ಕರ್ನಾಟಕ ಸರ್ಕಾರ ಮೇಲ್ಮನವಿ ಹಾಕಿತು. 2017ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಖುಲಾಸೆ ರದ್ದು ಮಾಡಿ, ಇದೇ ಪ್ರಕರಣದ ಇನ್ನೊಬ್ಬ ಆರೋಪಿಯಾಗಿದ್ದ ಜಯಲಲಿತಾ ಆಪ್ತೆ ಶಶಿಕಲಾ ಅವರನ್ನು ಪರಪ್ಪನ ಅಗ್ರಹಾರ ಜೈಲಿಗೆ ಕಳಿಸಿತು. ಅಷ್ಟರಲ್ಲಿ ಜಯಲಲಿತಾ ತೀರಿಕೊಂಡಿದ್ದರು.

ನನ್ನ ಪ್ರಕಾರ ಹಣದ ಬಲ ಜಾಸ್ತಿ ಕಾಣುವುದು ಸಮಯದಲ್ಲಿ. 1996ರಲ್ಲಿ ಶುರುವಾದ ಪ್ರಕರಣಕ್ಕೆ ಮೊದಲ ತೀರ್ಪು ಬರಲು 18 ವರ್ಷ ಬೇಕಾಯಿತು. ಶಿಕ್ಷೆಯ ವಿರುದ್ಧ ಜಯಲಲಿತಾ ಹೈಕೋರ್ಟ್‌ಗೆ ಹಾಕಿದ ಮೇಲ್ಮನವಿಗೆ ಮಾತ್ರ ವಿಶೇಷ ಪೀಠ, 3 ತಿಂಗಳ ಗಡುವು. ಹಳ್ಳಿಯ ಬಡ ಕೈದಿಯ ಮೇಲ್ಮನವಿಗೆ ಇಂಥ ಗಡುವು ಯಾರು ಕೊಡಿಸುತ್ತಾರೆ? ನನಗೆ ನಿಜಕ್ಕೂ ನೋವಾಗುವುದು ಇಲ್ಲೇ.