ಉ: ಆಂಡ್ರೊಮಿಡಾ ಕಾಣಲಿಲ್ಲ, ಟೆಲಿಸ್ಕೋಪ್ ವಾಪಸ್ ಕಳಿಸಲಾ?

ಬೇಡ, ಕಳಿಸಬೇಡಿ. ಊರಿನ ಬೆಳಕಿಲ್ಲದ ಕಡೆ ಆಂಡ್ರೊಮಿಡಾ ಗ್ಯಾಲಕ್ಸಿ ಬರಿಗಣ್ಣಿಗೇ ಕಾಣುತ್ತದೆ. "ಕಾರಿನ ಲೈಟ್ ಆರಿಸಿ 10 ನಿಮಿಷ ಕಾದೆ, ನಡುವೆ ಮೊಬೈಲ್‌ನಲ್ಲಿ ಮ್ಯಾಪ್ ನೋಡಿದೆ" ಅಂತ ನೀವೇ ಬರೆದಿದ್ದೀರಿ. ಎಡವಟ್ಟು ಅಲ್ಲೇ ಇದೆ, ಕಣ್ಣು ಕತ್ತಲೆಗೆ ಹೊಂದಲು ಬಿಟ್ಟಿಲ್ಲ. ಪ್ರತಿ ಚಳಿಗಾಲವೂ ಇಲ್ಲಿ ಇದೇ ಕಥೆ.

ಪಾಪೆ ಹಿಗ್ಗುವುದು ಕೆಲವು ಸೆಕೆಂಡಿನ ಕೆಲಸ. ಕೋನ್‌ಗಳು (ಬಣ್ಣ ಗುರುತಿಸುವ ಕಣ್ಣಿನ ಕೋಶಗಳು) 10 ನಿಮಿಷದಲ್ಲಿ ತಮ್ಮ ಮಿತಿ ಮುಟ್ಟುತ್ತವೆ. ಮಂದ ವಸ್ತು ತೋರಿಸುವುದು ರಾಡ್‌ಗಳು ಎಂಬ ಇನ್ನೊಂದು ಬಗೆಯ ಕೋಶಗಳು. ಅವುಗಳಲ್ಲಿ ಬೆಳಕು ಹಿಡಿಯುವ ರೊಡಾಪ್ಸಿನ್ ಎಂಬ ವಸ್ತು ಮತ್ತೆ ತುಂಬಲು 30-40 ನಿಮಿಷ ಬೇಕು. ನಡುವೆ ಒಮ್ಮೆ ಮೊಬೈಲ್ ಬೆಳಗಿದರೆ ಬಹುಪಾಲು ಮೊದಲಿಂದ ಶುರು.

ನಾನು ಬಳಸುವುದು ಕಣ್ಣಿನ ಪಟ್ಟಿ. ಮೆಡಿಕಲ್ ಶಾಪಿನದೇ ಸಾಕು, ನೂರಾರು ರೂಪಾಯಿಯ 'ಆಸ್ಟ್ರೋ' ಪಟ್ಟಿ ಸುಮ್ನೆ ದಂಡ. ಐಪೀಸ್‌ಗೆ (ಟೆಲಿಸ್ಕೋಪಿನಲ್ಲಿ ಕಣ್ಣಿಟ್ಟು ನೋಡುವ ಮಸೂರ) ಇಡುವ ಕಣ್ಣಿಗೆ ಸೆಟಪ್ ಶುರುವಾಗುವ ಮೊದಲೇ ಕಟ್ಟಿ, ಇನ್ನೊಂದರಲ್ಲಿ ಕೆಲಸ ಮಾಡಿ. ಎರಡೂ ಕಣ್ಣು ಬೇರೆ ಬೇರೆಯಾಗಿ ಕತ್ತಲೆಗೆ ಹೊಂದುತ್ತವೆ, ಹಾಗಾಗಿ ಇದು ನಡೆಯುತ್ತದೆ. ಸುಮ್ನೆ ಕಣ್ಣು ಮುಚ್ಚಿದರೆ ಸಾಲದು, ರೆಪ್ಪೆಯೊಳಗೂ ಬೆಳಕು ಇಳಿಯುತ್ತದೆ. ಎಲಾಸ್ಟಿಕ್ ಬಿಗಿಯಾಗಿ ಗುಡ್ಡೆಯನ್ನು ಒತ್ತಬಾರದು, ತೆಗೆದ ಮೇಲೆ ಮಸುಕಾಗುತ್ತದೆ. ಗಾಡಿ ಓಡಿಸುವಾಗ ಕಟ್ಟಲೇಬೇಡಿ. ಒಂದೇ ಕಣ್ಣಲ್ಲಿ ದೂರದ ಅಂದಾಜೂ ತಪ್ಪುತ್ತದೆ, ಟ್ರೈಪಾಡ್ ಕಾಲು ಎಡವೀರಿ.

ಕೆಂಪು ಲೈಟ್ ಇದ್ದರೆ ಆಯ್ತು ಅನ್ನುವವರಿಗೆ: ಗಾಢ ಕೆಂಪು ಬೆಳಕು ರಾಡ್‌ಗಳಿಗೆ ಅಷ್ಟಾಗಿ ತಾಗುವುದಿಲ್ಲ, ನಿಜ. ಪ್ರಖರವಾಗಿದ್ದರೆ ಅದೂ ಹಾಳೇ. ಎಷ್ಟೋ ಅಗ್ಗದ ಹೆಡ್‌ಲ್ಯಾಂಪ್‌ಗಳಲ್ಲಿ ಬಿಳಿ ದಾಟಿಯೇ ಕೆಂಪಿಗೆ ಬರಬೇಕು, ಅಂಥದ್ದು ಕೊಳ್ಳಬೇಡಿ. ಆಕಾಶದ ನಕ್ಷೆ ತೋರಿಸುವ ಸ್ಟೆಲೇರಿಯಂ ಆ್ಯಪ್‌ನ ನೈಟ್ ಮೋಡ್ (ಪರದೆ ಕೆಂಪಾಗುತ್ತದೆ) ಚೆನ್ನಾಗಿದೆ, ಆದರೆ ಬ್ರೈಟ್‌ನೆಸ್ ತೀರಾ ಇಳಿಸಿ. ನಕ್ಷೆಯಲ್ಲಿ ಕೆಂಪು ಗೆರೆಗಳಿದ್ದರೆ ಆ ಬೆಳಕಲ್ಲಿ ಮಾಯವಾಗುತ್ತವೆ, ಕಪ್ಪು-ಬಿಳುಪು ಪ್ರಿಂಟ್ ಇಟ್ಟುಕೊಳ್ಳಿ.

ಇನ್ನೊಂದು, ನೇರ ದಿಟ್ಟಿಸಬೇಡಿ. ನೋಟದ ನಟ್ಟನಡುವೆ ರಾಡ್‌ಗಳೇ ಇಲ್ಲ. ನೋಟ ಸ್ವಲ್ಪ ಪಕ್ಕಕ್ಕೆ ಸರಿಸಿ, ವಸ್ತು ಮೂಗಿನ ಕಡೆಗಿರಲಿ. ಕಿವಿಯ ಕಡೆ ಕುರುಡು ಚುಕ್ಕೆ ಇದೆ, ಅಲ್ಲಿ ಬಿದ್ದದ್ದು ಕಾಣುವುದೇ ಇಲ್ಲ. ಬಲಗಣ್ಣಾದರೆ ವಸ್ತುವಿನ ಬಲಕ್ಕೆ ನೋಡಬೇಕು. ಟ್ಯೂಬನ್ನು ಮೆಲ್ಲಗೆ ತಟ್ಟಿ, ಅಲುಗಿದ್ದು ಬೇಗ ಕಣ್ಣಿಗೆ ಬೀಳುತ್ತದೆ. ಫೋಟೋದ ನೀಲಿ-ಗುಲಾಬಿ ಬಣ್ಣ ಕಾಯಬೇಡಿ, ರಾಡ್‌ಗೆ ಎಲ್ಲ ಬೂದು.

ನಕ್ಷತ್ರವೊಂದು ಅಲೆಯುತ್ತಿತ್ತು, ಉಪಗ್ರಹವೇ ಅಂತ ಇನ್ನೊಬ್ಬರು ಕೇಳಿದ್ದಾರೆ. ಆ "ಅಲೆಯುವ ನಕ್ಷತ್ರ" ಉಪಗ್ರಹವೇ ಆಗಬೇಕಿಲ್ಲ. ಕಪ್ಪಿನಲ್ಲಿ ಒಂದೇ ಚುಕ್ಕೆಯನ್ನು ದಿಟ್ಟಿಸಿದರೆ ಅದು ಜಾರಿದಂತೆ ಕಾಣುತ್ತದೆ. ಮರದ ಕೊಂಬೆಯ ಪಕ್ಕ ಇಟ್ಟು ನೋಡಿ, ನಿಲ್ಲುತ್ತದೆ. ಕಂಬಳಿ ಹೊದ್ದಾಗ ಕಾಣುವ ಬೂದು ಚುಕ್ಕಿಗಳೂ ಆಕಾಶದ್ದಲ್ಲ, ಬೆಳಕೇ ಇಲ್ಲದಾಗಲೂ ಕಣ್ಣು ಎಬ್ಬಿಸುವ ಗದ್ದಲ.

ಹೋಗುವ ದಿನ ಮಧ್ಯಾಹ್ನ ಬಿಸಿಲಿನಲ್ಲಿ ಅಲೆಯಬೇಡಿ, ರಾತ್ರಿ ಕಣ್ಣು ಕತ್ತಲೆಗೆ ಹೊಂದುವುದು ತಡವಾಗುತ್ತದೆ. ಅಲೆಯಲೇಬೇಕಾದರೆ ಕಪ್ಪು ಕನ್ನಡಕ ಹಾಕಿ. ಅಮಾವಾಸ್ಯೆ ಹತ್ತಿರದ ಶನಿವಾರ ನೋಡಿ ಹೊರಡಿ.